ಚರಂಡಿ ಟೆಂಡರಿನೊಳಗೆ ರಸ್ತೆ, ದೀಪ ಹೇಗೆ ಬಂದವು?

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಅಮೆರಿಕದ ಸರ್ಕಾರಿ ಗುತ್ತಿಗೆಗಳ ಬಗ್ಗೆ ಬರೆದಿದ್ದಿರಿ. ನಾನೊಬ್ಬ ಸಣ್ಣ ಗುತ್ತಿಗೆದಾರ. ಒಂದು ಚರಂಡಿ ಕಾಮಗಾರಿಗೆ ಟೆಂಡರ್ ಹಾಕಿದ್ದೆ, ಸ್ವಲ್ಪದರಲ್ಲಿ ಕೈತಪ್ಪಿತು. ಆಮೇಲೆ ನೋಡಿದರೆ ಅದೇ ಗುತ್ತಿಗೆಯಲ್ಲಿ ಸಿಸಿ ರಸ್ತೆ, ಬೀದಿ ದೀಪ ಎಲ್ಲ ಸೇರಿಕೊಂಡಿವೆ. ಕೇಳಿದರೆ 'ವರ್ಕ್‌ಸ್ಲಿಪ್ (ಕೆಲಸದ ನಡುವೆ ಆದ ಬದಲಾವಣೆಗಳ ಪಟ್ಟಿ) ಆಗಿದೆ, ಎಲ್ಲ ರೂಲ್ಸ್ ಪ್ರಕಾರವೇ' ಎನ್ನುತ್ತಾರೆ. ಬದಲಾವಣೆ ಎಲ್ಲಿಯವರೆಗೆ, ಹೊಸ ಕೆಲಸ ಎಲ್ಲಿಂದ? ಅಮೆರಿಕದಲ್ಲಿ ಇದನ್ನು ಹೇಗೆ ತೀರ್ಮಾನಿಸುತ್ತಾರೆ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬದಲಾವಣೆ ಆಯ್ತು ಅನ್ನೋದೇ ತಪ್ಪಲ್ಲ. ನೆಲ ಅಗೆದಾಗ ಬಂಡೆ ಸಿಗುತ್ತದೆ, ನೀರಿನ ಪೈಪು ಅಡ್ಡ ಬರುತ್ತದೆ, ನಕ್ಷೆಯಲ್ಲಿ ಇಲ್ಲದ ಮೋರಿ ಕಾಣಿಸುತ್ತದೆ. ಪ್ರತಿಯೊಂದಕ್ಕೂ ಹೊಸ ಟೆಂಡರ್ ಕರೆಯುತ್ತಾ ಕೂತರೆ ಯಾವ ಕೆಲಸವೂ ಮುಗಿಯುವುದಿಲ್ಲ, ಇದು ನಿಮಗೂ ಗೊತ್ತು. ಜಗಳ ಇರೋದು ಅದಕ್ಕಿಂತ ಮುಂದೆ.

ಅಮೆರಿಕದಲ್ಲಿ 1984ರಲ್ಲಿ ಒಂದು ಕಾನೂನು ಬಂತು. ಕೇಂದ್ರ ಸರ್ಕಾರ ಏನನ್ನೇ ಕೊಳ್ಳಲಿ, ಮುಕ್ತ ಪೈಪೋಟಿ ಇರಬೇಕು. ಅದನ್ನು ಬಿಡುವುದಾದರೆ ಕಾರಣ ಬರೆದಿಡಬೇಕು. ಹಾಗಿದ್ದ ಮೇಲೆ, ಹಳೇ ಗುತ್ತಿಗೆಗೆ ತಿದ್ದುಪಡಿ ಅಂತ ಹೆಸರಿಟ್ಟು ಬೇರೆಯದೇ ಕೆಲಸ ಕೊಟ್ಟರೆ ಅದು ಟೆಂಡರ್ ಇಲ್ಲದೆ ಕೊಟ್ಟ ಹೊಸ ಗುತ್ತಿಗೆಯೇ ಆಯ್ತು. ಎರಡನ್ನೂ ಬೇರೆ ಮಾಡೋದು ಹೇಗೆ?

ಇದಕ್ಕೆ ಅಲ್ಲಿ ಈಗಲೂ ಎಲ್ಲರೂ ಹೇಳುವ ಪ್ರಕರಣ 1993ರದ್ದು. ಸರ್ಕಾರಿ ಕಚೇರಿಗಳ ದೂರವಾಣಿ ಜಾಲಕ್ಕಾಗಿ 1988ರಲ್ಲಿ ಎಟಿ ಅಂಡ್ ಟಿ ಮತ್ತು ಸ್ಪ್ರಿಂಟ್ ಕಂಪನಿಗಳಿಗೆ 10 ವರ್ಷದ ದೊಡ್ಡ ಗುತ್ತಿಗೆ ಸಿಕ್ಕಿತ್ತು. ಒಪ್ಪಂದದಲ್ಲಿ ಇದ್ದದ್ದು ಟಿ1 ಅನ್ನೋ ಸಾಮರ್ಥ್ಯದ ಲೈನ್‌ವರೆಗೆ ಮಾತ್ರ. ನಡುವೆ ಅದಕ್ಕಿಂತ ಸುಮಾರು 28 ಪಟ್ಟು ಸಾಮರ್ಥ್ಯದ ಟಿ3 ಲೈನ್‌ಗಳನ್ನು ಎಟಿ ಅಂಡ್ ಟಿ ಗುತ್ತಿಗೆಗೆ ಸೇರಿಸಿದರು. ವಿಲ್‌ಟೆಲ್ ಮುಂತಾದ ಪೈಪೋಟಿ ಕಂಪನಿಗಳು ತಕರಾರು ತೆಗೆದವು, ಇದು ಬೇರೆಯೇ ಸೇವೆ, ಟೆಂಡರ್ ಕರೆಯಿರಿ ಅಂದವು. ತಕರಾರು ವಿಚಾರಿಸಿದ ಮಂಡಳಿ ಅವರ ಪರ ನಿಂತಿತು. ಮೇಲಿನ ಕೋರ್ಟು ಅದನ್ನು ತಿರುಗಿಸಿತು.

ಕೋರ್ಟು ನೋಡಿದ್ದು ಬರೀ ದುಡ್ಡನ್ನಲ್ಲ. ಮೊದಲನೆಯದಾಗಿ, ಒಂದು ಐಟಂ ಪಕ್ಕ ಇನ್ನೊಂದು ಐಟಂ ಇಟ್ಟು ಅಳೆಯಬೇಡಿ, ಇಡೀ ಗುತ್ತಿಗೆಯ ಜೊತೆ ಹೋಲಿಸಿ ಅಂತು. ಎರಡನೆಯದು ನಿಮಗೆ ಬೇಕಾದದ್ದು. ಮೊದಲ ಟೆಂಡರ್ ಓದಿದವರು ಇಂಥ ಬದಲಾವಣೆ ಮುಂದೆ ಬರಬಹುದು ಅಂತ ನಿರೀಕ್ಷಿಸಬಹುದಿತ್ತಾ? ಆ ಒಪ್ಪಂದದಲ್ಲಿ ತಂತ್ರಜ್ಞಾನ ಸುಧಾರಿಸಿದ ಹಾಗೆ ಸೇವೆಯನ್ನೂ ಸುಧಾರಿಸಬೇಕು ಅನ್ನೋ ಷರತ್ತು ಇತ್ತು. ಟೆಂಡರ್ ಹಾಕಿದವರೆಲ್ಲ ಅದನ್ನು ಓದಿಯೇ ದರ ಬರೆದಿದ್ದರು. ಹಾಗಾಗಿ ಟಿ3 ಒಳಗಿನದೇ ಅಂತ ತೀರ್ಪಾಯ್ತು.

ಪ್ರಶ್ನೆ ಸರಿಯಾದದ್ದು ಅನ್ನೋದು ನನ್ನ ಅಭಿಪ್ರಾಯ. ಆದರೆ ಈ ತೀರ್ಪಿನಲ್ಲಿ ಒಂದು ಅಪಾಯವೂ ಇದೆ. ಟೆಂಡರ್ ಭಾಷೆ ಎಷ್ಟು ಅಗಲವೋ ತಕರಾರಿಗೆ ಜಾಗ ಅಷ್ಟು ಕಮ್ಮಿ. 'ಮತ್ತು ಇತರೆ ಸಂಬಂಧಿತ ಕೆಲಸಗಳು' ಅಂತ ಒಂದು ಸಾಲು ಸೇರಿಸಿಟ್ಟರೆ ಮುಂದೆ ಏನನ್ನು ಬೇಕಾದರೂ ಒಳಗೆ ತರಲು ಪ್ರಯತ್ನಿಸಬಹುದು, ಅಲ್ವಾ? ಇದರ ಪೆಟ್ಟು ಬೀಳೋದು ನಿಮ್ಮಂಥ ಸಣ್ಣವರಿಗೇ.

ಇನ್ನೊಂದು ಪ್ರಕರಣ ಇದಕ್ಕೆ ಉಲ್ಟಾ. 1985ರಲ್ಲಿ ಮಿಷಿಗನ್‌ನಲ್ಲಿ ವಾಯುಪಡೆಯ ಹಳೇ ಕ್ಷಿಪಣಿ ನೆಲೆಯೊಂದನ್ನು ಕೆಡವುವ ಗುತ್ತಿಗೆ ಕ್ರೈಗೋಸ್ಕಿ ಅನ್ನೋ ಕಂಪನಿಗೆ ಸಿಕ್ಕಿತು. ಕೆಲಸ ಶುರುವಾದ ಮೇಲೆ ಅಂದಾಜಿಗಿಂತ ತುಂಬಾ ಜಾಸ್ತಿ ಕಲ್ನಾರು (ಆಸ್ಬೆಸ್ಟಸ್) ಇರೋದು ಗೊತ್ತಾಯ್ತು. ಒಟ್ಟು ವೆಚ್ಚದಲ್ಲಿ ಸುಮಾರು ಶೇ 10 ಇದ್ದ ಕಲ್ನಾರು ತೆಗೆಯುವ ಖರ್ಚು ಶೇ 50ರ ಹತ್ತಿರ ಹೋಗುವ ಹಾಗಾಯ್ತು. ಅಧಿಕಾರಿ ಅದನ್ನು ಅದೇ ಗುತ್ತಿಗೆಗೆ ಸೇರಿಸಲಿಲ್ಲ. ಇಷ್ಟಾದರೆ ಕೆಲಸದ ಸ್ವರೂಪವೇ ಬೇರೆ, ಹೊಸದಾಗಿ ಪೈಪೋಟಿಗೆ ಬಿಡಬೇಕು ಅಂತ ಗುತ್ತಿಗೆ ರದ್ದು ಮಾಡಿದರು. ಕಂಪನಿ ಕೋರ್ಟಿಗೆ ಹೋಗಿ ಮೊದಲು ಗೆದ್ದಿತು, 1996ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಪೈಪೋಟಿ ಕಾಪಾಡಲು ಅಧಿಕಾರಿ ಹಾಗೆ ಮಾಡಿದ್ದು ಸರಿ ಅಂತ ತೀರ್ಮಾನವಾಯ್ತು. ಕೆಡವುವ ಕೆಲಸ ಅಂತ ಓದಿ ಸುಮ್ಮನಿದ್ದ ಕಲ್ನಾರು ತೆಗೆಯುವವರಿಗೂ ಒಂದು ಅವಕಾಶ ಸಿಗಬೇಕಲ್ಲ.

ಇದೇ ಗೆರೆ ಕೆಲಸ ಗೆದ್ದ ಗುತ್ತಿಗೆದಾರನನ್ನೂ ಕಾಯುತ್ತದೆ. 1971ರ ಒಂದು ಪ್ರಕರಣದಲ್ಲಿ ಮುಗಿಯುತ್ತಾ ಬಂದಿದ್ದ ವಿಮಾನ ಹ್ಯಾಂಗರ್ (ವಿಮಾನ ನಿಲ್ಲಿಸುವ ಕಟ್ಟಡ) ಕುಸಿದು ಬಿತ್ತು, ಸರ್ಕಾರ ಕೊಟ್ಟ ವಿನ್ಯಾಸದ ದೋಷವೇ ಕಾರಣ ಅಂತ ಗುತ್ತಿಗೆದಾರ ವಾದಿಸಿದ. ಗುತ್ತಿಗೆದಾರ ಮತ್ತೆ ಕಟ್ಟಿಕೊಡಬೇಕಾಯ್ತು. ಕೊನೆಗೆ ನಿಂತದ್ದು ಅಂಥದೇ ಹ್ಯಾಂಗರ್. ಆದರೂ, ಅವನ ವಾದ ನಿಜವಾದರೆ ಅವನು ಒಪ್ಪಿಕೊಂಡ ಕೆಲಸ ಇದಲ್ಲ ಅಂತ ಕೋರ್ಟು ಹೇಳಿತು.

ಅಲ್ಲಿಯವರಿಗೆ ಇರುವ ಒಂದು ಅನುಕೂಲ ನಮಗೆ ಇಲ್ಲ. ತಕರಾರು ಒಯ್ಯಲು ಅವರಿಗೆ ಕೋರ್ಟಿನ ಹೊರಗೂ ಒಂದು ಜಾಗ ಇದೆ, ಅಲ್ಲಿನ ಸಂಸತ್ತಿಗೆ ಸೇರಿದ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್. ಗುತ್ತಿಗೆ ಕೊಟ್ಟ ಮೇಲಿನ ತಿದ್ದುಪಡಿಗಳಿಗೆ ಅದು ಸಾಮಾನ್ಯವಾಗಿ ಕೈ ಹಾಕುವುದಿಲ್ಲ, ವ್ಯಾಪ್ತಿ ಮೀರಿದೆ ಅನ್ನೋ ದೂರನ್ನು ಮಾತ್ರ ಕೇಳುತ್ತದೆ. ವಿಷಯ ತಿಳಿದ 10 ದಿನದೊಳಗೆ ದೂರು ಕೊಡಬೇಕು, 100 ದಿನದೊಳಗೆ ತೀರ್ಮಾನ ಬರುತ್ತದೆ. ಕೆಲಸದ ಬಗೆ, ಅವಧಿ, ವೆಚ್ಚ ಮೂರನ್ನೂ ಹಳೆಯದರ ಜೊತೆ ಇಟ್ಟು ನೋಡುತ್ತಾರೆ.

ಈಗ ನಿಮ್ಮ ಚರಂಡಿಗೆ ಬರೋಣ.

ನಮ್ಮಲ್ಲಿ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ನೀವೆಲ್ಲ ಕೆಟಿಪಿಪಿ ಅನ್ನೋದು, ಇದೆ. ಅದರ 16ನೇ ಸೆಕ್ಷನ್ ಪ್ರಕಾರ ಟೆಂಡರ್ ಹಾಕಿದವರು 30 ದಿನದೊಳಗೆ ಮೇಲ್ಮನವಿ ಹೋಗಬಹುದು. ಆದರೆ ಅದು ಟೆಂಡರ್ ಯಾರಿಗೆ ಅನ್ನೋ ಆದೇಶದ ಮೇಲೆ. ಆಮೇಲೆ ಗುತ್ತಿಗೆಯೊಳಗೆ ಏನು ಸೇರಿತು ಅಂತ ಪ್ರಶ್ನಿಸಬೇಕಾದರೆ ಸಾಮಾನ್ಯವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಒಂದು ಚರಂಡಿಗಾಗಿ ಯಾರು ಅಷ್ಟು ಖರ್ಚು ಮಾಡುತ್ತಾರೆ?

ಕಚೇರಿಯವರು ಶೇ 25ರ ಲೆಕ್ಕ ಹೇಳಬಹುದು. ನಮ್ಮ ಎಷ್ಟೋ ಟೆಂಡರ್ ದಾಖಲೆಗಳಲ್ಲಿ ಆ ಮಿತಿ ಇದೆ, ನಿಜ. ಆದರೆ ಅದು ಇದ್ದ ಐಟಂನ ಪ್ರಮಾಣ ಹೆಚ್ಚಾದಾಗ ದರ ಏನು ಅನ್ನೋದಕ್ಕೆ ಇರುವ ನಿಯಮ. ಇಲ್ಲದ ಐಟಂ ಬಂದರೆ ಇಐಆರ್‌ಎಲ್ (ಹೆಚ್ಚುವರಿ ಐಟಂಗಳ ದರಪಟ್ಟಿ) ಮಾಡುತ್ತಾರೆ, ಅದೂ ದರದ ಪಟ್ಟಿಯೇ. ದರಕ್ಕೆ ಅನುಮೋದನೆ ಸಿಕ್ಕಿತು ಅಂದ ಮಾತ್ರಕ್ಕೆ ಆ ಕೆಲಸ ಆ ಗುತ್ತಿಗೆಗೆ ಸೇರಿದ್ದು ಅಂತ ಆಗುವುದಿಲ್ಲ. ಈ ಎರಡನ್ನೂ ಬೆರೆಸಿ ಹೇಳುವುದರಿಂದಲೇ ನಿಮ್ಮಂಥವರು ಉತ್ತರ ಸಿಗದೆ ವಾಪಸ್ ಬರುತ್ತಾರೆ. ಯುರೋಪಿನ 2014ರ ನಿಯಮ ನೋಡಿ: ಕಾಮಗಾರಿಯಲ್ಲಿ ಶೇ 15ರವರೆಗಿನ ಸಣ್ಣ ಬದಲಾವಣೆಗೆ ಬಿಡುವು ಕೊಡುತ್ತದೆ, ಆದರೆ ಆಗಲೂ ಗುತ್ತಿಗೆಯ ಒಟ್ಟು ಸ್ವರೂಪ ಬದಲಾಗಬಾರದು ಅನ್ನುತ್ತದೆ.

ನನ್ನನ್ನು ಕೇಳಿದರೆ ಹೀಗೆ. ಚರಂಡಿಯ ಉದ್ದ ಸ್ವಲ್ಪ ಜಾಸ್ತಿ ಆದರೆ, ಬಂಡೆ ಒಡೆಯಬೇಕಾಗಿ ಬಂದರೆ, ಮನೆಗಳ ಮುಂದೆ ಸ್ಲ್ಯಾಬ್ ಹಾಕಿದರೆ ಅದು ಒಳಗಿನದೇ. ಚರಂಡಿಗಾಗಿ ಕತ್ತರಿಸಿದ ರಸ್ತೆಯನ್ನು ಮತ್ತೆ ಮೊದಲಿನಂತೆ ಮಾಡಿದರೂ ಅಷ್ಟೇ, ತಕರಾರು ಬೇಡ. ಆದರೆ ಪಕ್ಕದಲ್ಲಿ ಹೊಸ ಸಿಸಿ ರಸ್ತೆ ಅಂದರೆ, ಅದು ಮೊದಲೇ ಟೆಂಡರಿನಲ್ಲಿದ್ದರೆ ನೀವೂ ಬೇರೆ ದರ ಬರೆಯುತ್ತಿದ್ದಿರಿ, ಮೊತ್ತ ದೊಡ್ಡದಾಗಿ ಬೇರೆ ದರ್ಜೆಯ ಗುತ್ತಿಗೆದಾರರೂ ಬರುತ್ತಿದ್ದರು. ಬೀದಿ ದೀಪದ್ದು ಇನ್ನೂ ಸ್ಪಷ್ಟ. ಅದಕ್ಕೆ ವಿದ್ಯುತ್ ಗುತ್ತಿಗೆದಾರರ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವರು ಚರಂಡಿ ಟೆಂಡರ್ ತೆರೆದು ನೋಡಿರುವುದೇ ಇಲ್ಲ. ನಿಮಗಿಂತ ಜಾಸ್ತಿ ಅನ್ಯಾಯ ಆಗಿರೋದು ಅವರಿಗೆ, ಮತ್ತು ಅವರಿಗೆ ಅದು ಗೊತ್ತೂ ಇಲ್ಲ.

ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮೂಲ ಎಸ್ಟಿಮೇಟ್, ವರ್ಕ್‌ಸ್ಲಿಪ್, ಇಐಆರ್‌ಎಲ್, ಅದಕ್ಕೆ ಅನುಮೋದನೆ ಕೊಟ್ಟ ಟಿಪ್ಪಣಿ, ಪೂರಕ ಒಪ್ಪಂದ ಆಗಿದ್ದರೆ ಅದರ ಪ್ರತಿ ಕೇಳಿ. ಯಾಕೆ ಮಾಡಿದಿರಿ ಅಂತ ಕೇಳಬೇಡಿ, ಕಾಗದ ಮಾತ್ರ ಕೇಳಿ. ಹೊಸ ಟೆಂಡರ್ ಯಾಕೆ ಬೇಡ ಅನ್ನೋದಕ್ಕೆ ಟಿಪ್ಪಣಿಯಲ್ಲಿ ಒಂದಾದರೂ ಸಾಲು ಇದೆಯಾ ನೋಡಿ. ಕೆಟಿಪಿಪಿ ಕಾಯ್ದೆಯ 4(ಜಿ) ಪ್ರಕಾರ ಟೆಂಡರ್‌ನಿಂದ ವಿನಾಯಿತಿ ತೆಗೆದುಕೊಂಡಿದ್ದರೆ ಆ ಅಧಿಸೂಚನೆಯ ಪ್ರತಿಯನ್ನೂ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಂದ ಮೇಲೆ ನಮಗೊಂದು ಪ್ರತಿ ಕಳಿಸಿ, ಕಚೇರಿಯವರ ಮಾತನ್ನೂ ಕೇಳಿ ಇದೇ ಪುಟದಲ್ಲಿ ಬರೆಯುತ್ತೇವೆ.