ಸಿಮ್ ಬದಲಿಸಿದರೆ ಆಪ್‌ನ ಕೋಡ್ ಬರುವುದಿಲ್ಲ

ಸಿಮ್ ತೆಗೆದು ಹೊಸ ಫೋನಿಗೆ ಹಾಕಿದರೆ ಅಥೆಂಟಿಕೇಟರ್ (ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಕೇಳುವ ಕೋಡ್ ತೋರಿಸುವ ಆಪ್) ಕೋಡ್‌ಗಳೂ ಬರುತ್ತವಾ ಎಂದು ಕೇಳಿದ್ದೀರಿ. ಇಲ್ಲ, ಸಿಮ್ ಜೊತೆ ಬರುವುದು ಎಸ್ಸೆಮ್ಮೆಸ್ ಓಟಿಪಿ ಮಾತ್ರ. ಆಪ್‌ಗೆ ಖಾತೆ ಸೇರಿಸಲು ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒಂದು ಗುಪ್ತ ಕೀಲಿ ಆಪ್‌ನೊಳಗೆ ಉಳಿಯುತ್ತದೆ. ಅದನ್ನೂ ಆಗಿನ ಸಮಯವನ್ನೂ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಕೋಡ್ ತಯಾರಾಗುತ್ತದೆ. ನೆಟ್ ಇಲ್ಲದಿದ್ದರೂ ಕೋಡ್ ಸಿಗುವುದು ಇದಕ್ಕೇ.

ಹಾಗಾಗಿ ದಯವಿಟ್ಟು ಹಳೇ ಫೋನನ್ನು ಈಗಲೇ ರೀಸೆಟ್ ಮಾಡಬೇಡಿ. ಗೂಗಲ್ ಅಥೆಂಟಿಕೇಟರ್ ಆದರೆ ಖಾತೆಗಳನ್ನು ವರ್ಗಾಯಿಸುವ ಆಯ್ಕೆ ಮೆನುವಿನಲ್ಲೇ ಇದೆ. ಹೊಸ ಫೋನಿನ ಕೋಡ್ ಹಾಕಿ ಪ್ರತಿ ಖಾತೆಗೂ ಲಾಗಿನ್ ಆಗಿ ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಮೊದಲು ಇಮೇಲ್ ಖಾತೆ ನೋಡಿಕೊಳ್ಳಿ, ಉಳಿದವುಗಳ ಪಾಸ್‌ವರ್ಡ್ ರೀಸೆಟ್ ಲಿಂಕ್ ಜಾಸ್ತಿ ಬರುವುದು ಅಲ್ಲಿಗೇ. ಆಪ್ ಕೈಗೆ ಸಿಗದಾಗ ಲಾಗಿನ್ ಆಗಲು ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಸ್ಕ್ರೀನ್‌ಶಾಟ್ ಬೇಡ, ಫೋನ್ ಕಳೆದರೆ ಅದೂ ಹೋಗುತ್ತದೆ ಅಲ್ವಾ?