ಹುಲಿ ಬೊಂಬೆ ಮೇಲೆ ಕೂರುವ ಮಂಗ, ಒದೆಯುವ ಗಿಡ್ಡ: ಎರಡಕ್ಕೂ ಸೇರಿಸಿ ಒಂದು ಉತ್ತರ

ಹೊಸನಗರದ ಅಣ್ಣ ನಮ್ಮ ಗುಂಪಿಗೆ ಎರಡು ತಾಪತ್ರಯ ಒಟ್ಟಿಗೆ ಬರೆದಿದ್ದಾರೆ. ಬಾಳೆಗೊನೆಗೂ ಎಳೆ ಅಡಿಕೆಗೂ ಮಂಗ ಬೀಳುತ್ತಿವೆ. ಪೇಟೆಯಿಂದ ಹುಲಿ ಬೊಂಬೆ ತಂದು ತೋಟದ ಮೂಲೆಯಲ್ಲಿಟ್ಟರು. ನಾಲ್ಕು ದಿನ ಒಂದೂ ಸುಳಿಯಲಿಲ್ಲ. ಐದನೇ ದಿನ ಗಡವವೊಂದು (ದೊಡ್ಡ ಗಂಡು ಮಂಗ) ಹುಲಿ ತಲೆ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿತ್ತಂತೆ. ಇನ್ನೊಂದು, ಚೊಚ್ಚಲ ಕರು ಹಾಕಿದ ಮಲೆನಾಡು ಗಿಡ್ಡ ಹಸು ಹಾಲು ಕರೆಯಲು ಕೂತರೆ ಒದೆಯುತ್ತದೆ. "ಇವಕ್ಕೆ ಬುದ್ಧಿ ಕಲಿಸೋದು ಹೇಗೆ?" ಅಂತ ಪ್ರಶ್ನೆ.

ಈವರೆಗೆ ಬಂದ ಉತ್ತರಗಳಲ್ಲಿ ಗರ್ನಾಲು ಪಟಾಕಿಯಿಂದ ಹಿಡಿದು ವಿಷದ ತನಕ ಎಲ್ಲ ಇದೆ. ನಾನು ಬೇರೆ ಕಡೆಯಿಂದ ಬರುತ್ತೇನೆ. ಬಿ.ಎಡ್. ಓದುವಾಗ ಮನಶ್ಶಾಸ್ತ್ರದ ಒಂದು ಪೇಪರ್ ಇತ್ತು. ಆಗ ಪಾಸಾಗಲಿಕ್ಕೆ ಬಾಯಿಪಾಠ ಮಾಡಿದ್ದೆ. ತೀರ್ಥಹಳ್ಳಿ ಹತ್ತಿರದ ತೋಟಕ್ಕೆ ಬಂದು ಕೂತ ಮೇಲೆ, ಮಂಗದ ಹತ್ತಿರ ಸೋತು ಸೋತು, ಅದು ತಲೆಗೆ ಹತ್ತಿತು. ಮಾರಾಯ್ರೇ, ನಿಮ್ಮ ಮಂಗವೂ ಗಿಡ್ಡವೂ ಆಗಲೇ ಚೆನ್ನಾಗಿ ಕಲಿತಿವೆ. ಗೊತ್ತಿಲ್ಲದೆ ಕಲಿಸಿದವರು ನಾವು.

ಮೊದಲು ಹುಲಿ ನೋಡೋಣ. ಹೊಸದೇನಾದರೂ ಕಂಡರೆ ಪ್ರಾಣಿ ಬೆಚ್ಚುತ್ತದೆ. ಬೆಚ್ಚಿದ ಮೇಲೆ ಏನೂ ಆಗದಿದ್ದರೆ, ಬೆಚ್ಚುವುದು ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗಿ ನಿಂತೇ ಹೋಗುತ್ತದೆ. ಹೆದ್ದಾರಿ ಪಕ್ಕ ಮನೆ ಮಾಡಿದವರಿಗೆ ವಾರ ಕಳೆದರೆ ಲಾರಿ ಸದ್ದು ಕೇಳಿಸುವುದಿಲ್ಲ, ಅಲ್ವಾ, ಹಾಗೆ. ಇದಕ್ಕೆ ದೊಡ್ಡ ಮಿದುಳೂ ಬೇಡ. ಎರಿಕ್ ಕ್ಯಾಂಡೆಲ್ ಅನ್ನುವ ವಿಜ್ಞಾನಿ ಸಮುದ್ರದ ಒಂದು ಮೆತ್ತನೆ ಬಸವನಹುಳುವಿನಲ್ಲಿ ಇದನ್ನು ನರಕೋಶದ ಮಟ್ಟದಲ್ಲೇ ತೋರಿಸಿದರು. ಮೆಲ್ಲಗೆ ಮುಟ್ಟಿದರೆ ಅದು ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಟ್ಟುತ್ತಲೇ ಇದ್ದರೆ ಆಮೇಲೆ ಕ್ಯಾರೇ ಅನ್ನುವುದಿಲ್ಲ. ಕಲಿಕೆ, ನೆನಪುಗಳ ಇಂಥ ಕೆಲಸಕ್ಕೆ 2000ದಲ್ಲಿ ಅವರಿಗೆ ನೊಬೆಲ್ ಬಂತು. ಆ ಹುಳುವೇ ಕಲಿಯುವಾಗ ನಮ್ಮ ಮಂಗ ಕಲಿಯದೇ ಇರುತ್ತದಾ? ಬೊಂಬೆಗೆ, ಬೆರ್ಚಪ್ಪನಿಗೆ, ದಿನಾ ಹೊತ್ತಿಗೆ ಸರಿಯಾಗಿ ಹೊಡೆಯುವ ಗರ್ನಾಲಿಗೆ, ಮೂರಕ್ಕೂ ಇದೇ ಗತಿ.

ಆದರೆ ಮಂಗದ ವಿಷಯದಲ್ಲಿ ಇನ್ನೂ ಒಂದು ಪೇಚಿದೆ. 1980ರ ದಶಕದಲ್ಲಿ ಸೂಸನ್ ಮಿನೆಕಾ, ಮೈಕೆಲ್ ಕುಕ್ ಅನ್ನುವ ಇಬ್ಬರು ಅಮೆರಿಕದಲ್ಲಿ ಮಂಗಗಳ ಮೇಲೆ ಪ್ರಯೋಗ ಮಾಡಿದರು. ಲ್ಯಾಬಿನಲ್ಲೇ ಬೆಳೆದ ಮಂಗಗಳಿಗೆ ಹಾವಿನ ಹೆದರಿಕೆ ಇರಲಿಲ್ಲ. ಕಾಡಿನಲ್ಲಿ ಬೆಳೆದ ಮಂಗ ಹಾವು ಕಂಡು ಕಿರುಚುವುದನ್ನು ಸ್ವಲ್ಪ ಹೊತ್ತು ನೋಡಿದವು, ಅಷ್ಟೆ, ಇವಕ್ಕೂ ಹೆದರಿಕೆ ಅಂಟಿತು. ಹಾವು ಕಚ್ಚಬೇಕಾಗಲಿಲ್ಲ. ಮಂಗ ಹೂವಿಗೆ ಹೆದರಿದ ಹಾಗೆ ಕಾಣುವ ವಿಡಿಯೊವನ್ನೂ ತೋರಿಸಿದರು. ಅದರಿಂದ ಹೂವಿನ ಹೆದರಿಕೆ ಬರಲಿಲ್ಲ. ನಮಗೆ ಬೇಕಾದ್ದು ಇನ್ನೊಂದು ಪ್ರಯೋಗ. ಕೆಲವು ಮಂಗಗಳಿಗೆ ಮೊದಲೇ, ಹಾವಿನ ಎದುರು ಆರಾಮಾಗಿ ಕೂತ ಮಂಗವನ್ನು ತೋರಿಸಿದ್ದರು. ಆಮೇಲೆ ಹೆದರುವ ಮಂಗವನ್ನು ತೋರಿಸಿದರೂ ಹೆಚ್ಚಿನವು ಹೆದರಲು ಕಲಿಯಲಿಲ್ಲ. ಲಸಿಕೆ ಹಾಕಿಸಿಕೊಂಡ ಹಾಗೆ.

ನಿಮ್ಮ ಗಡವ ಹುಲಿ ತಲೆ ಮೇಲೆ ಕೂತಾಗ ಕೆಳಗಿದ್ದ ಮರಿಗಳೆಲ್ಲ ಅದನ್ನು ನೋಡಿವೆ. ಹಾಗಾಗಿ ಆ ಗುಂಪಿನ ಮಟ್ಟಿಗೆ ನಿಮ್ಮ ಹುಲಿ ಸತ್ತ ಹಾಗೇ. ಇವತ್ತೇ ಒಳಗೆ ತಂದಿಡಿ. ಮಳೆಗೆ ಬಣ್ಣ ಹೋಗುವ ತನಕ ಅಲ್ಲೇ ಬಿಟ್ಟರೆ ಇನ್ನಷ್ಟು ಪಾಠ ಆಗುತ್ತದೆ.

2019ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ರೈತರೊಬ್ಬರು ನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟಿದ್ದು ಪೇಪರಿನಲ್ಲಿ ಬಂದಿತ್ತು, ನೆನಪಿರಬಹುದು. ನಾವೆಲ್ಲ ನಕ್ಕಿದ್ದೆವು. ಯೋಚಿಸಿದರೆ ಅದು ಬೊಂಬೆಗಿಂತ ಎಷ್ಟೋ ಮೇಲು. ನಾಯಿ ಓಡುತ್ತದೆ, ಬೊಗಳುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ. ಕಂಡದ್ದರ ಹಿಂದೆ ಏನೋ ನಡೆಯುತ್ತದೆ. ಆದರೆ ಪಟ್ಟೆ ಬೇಡ, ನಾಯಿ ಸಾಕು. ಕೆಮಿಕಲ್ ಬಣ್ಣ ನೆಕ್ಕಿಕೊಂಡು ಪಾಪ ಅದಕ್ಕೆ ಹೊಟ್ಟೆ ಕೆಡುತ್ತದೆ.

ಈಗ ಬಾಳೆಹಣ್ಣಿನ ಲೆಕ್ಕ. 1898ರಲ್ಲಿ ಥಾರ್ನ್‌ಡೈಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಯಾವ ಕೆಲಸದಿಂದ ಬಾಗಿಲು ತೆರೆದು ಮೀನು ಸಿಕ್ಕಿತೋ ಆ ಕೆಲಸವನ್ನೇ ಅವು ಬೇಗ ಬೇಗ ಮಾಡುತ್ತವೆ ಅಂತ ತೋರಿಸಿದ. ಇದು ನಮಗೆಲ್ಲ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಸ್ಕಿನ್ನರ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಕಂಡುಹಿಡಿದ, ಅದೂ ಆಕಸ್ಮಿಕವಾಗಿ. ಪೆಟ್ಟಿಗೆಯೊಳಗಿನ ಸನ್ನೆಗೋಲು ಒತ್ತಿದ ಇಲಿಗೆ ಕೊಡುವ ತಿಂಡಿಯ ಗುಳಿಗೆ ಆತ ಕೈಯಲ್ಲೇ ಮಾಡಬೇಕಿತ್ತು. ಒಂದು ಶನಿವಾರ ಲೆಕ್ಕ ಹಾಕಿದರೆ ಗುಳಿಗೆ ಸಾಲುವ ಹಾಗಿರಲಿಲ್ಲ. ಉಳಿತಾಯಕ್ಕೆ ನಿಮಿಷಕ್ಕೆ ಒಂದೇ ಗುಳಿಗೆ ಸಿಗುವ ಹಾಗೆ ಮಾಡಿದ. ಇಲಿಗಳು ಒತ್ತುವುದನ್ನು ಬಿಡಲೇ ಇಲ್ಲ. ಆಮೇಲಿನ ಕೆಲಸದಲ್ಲಿ ಖಚಿತವಾಯಿತು: ಪ್ರತಿಸಲ ಸಿಕ್ಕಿ ಅಭ್ಯಾಸವಾದದ್ದು ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ಅಭ್ಯಾಸವಾದದ್ದು ನಿಂತರೂ ಬಹಳ ದಿನ ಬಿಡುವುದಿಲ್ಲ. ನಮ್ಮೂರಲ್ಲಿ ಓಸಿ ಚೀಟಿ ಅನ್ನುವ ನಂಬರ್ ಜೂಜು ಆಡುವವರನ್ನು ನೋಡಿ, ಬೇರೆ ಪುರಾವೆ ಬೇಡ.

ನಾವು ಮಂಗ ಓಡಿಸುವ ಕ್ರಮ ಹೇಗಿದೆ? ಸೋಮವಾರ ಮನೆಯಲ್ಲಿದ್ದೇವೆ, ಕೂಗಿ ಓಡಿಸುತ್ತೇವೆ. ಮಂಗಳವಾರ ಸೊಸೈಟಿಗೆ ಹೋಗಿದ್ದೇವೆ, ಅವು ಗೊನೆ ಖಾಲಿ ಮಾಡುತ್ತವೆ. ಬುಧವಾರ ಮತ್ತೆ ಕೂಗಾಟ. ಮಂಗದ ಕಡೆಯಿಂದ ನೋಡಿದರೆ ಇದು ಪಕ್ಕಾ ಓಸಿ. ನಾನು ಮಾಡಿದ ಎಡವಟ್ಟು ಇನ್ನೂ ಘನವಾದದ್ದು. ಹಲಸಿನ ಹಣ್ಣು ಕೊಟ್ಟರೆ ಬಾಳೆ ತಂಟೆಗೆ ಬರುವುದಿಲ್ಲ ಅಂದುಕೊಂಡು, ಅವು ಬಂದಾಗೆಲ್ಲ ಬೇಲಿ ಆಚೆ ಹಲಸು ಒಡೆದು ಹಾಕಿದೆ. ಬಂದು ಗಲಾಟೆ ಮಾಡಿದರೆ ಹಲಸು ಸಿಗುತ್ತದೆ ಅಂತ ಒಂದು ಮಳೆಗಾಲ ಪೂರ್ತಿ ಕಲಿಸಿದೆ.

ಹಾಗಾದರೆ ಮಾಡುವುದೇನು? ಮೊದಲ ತುತ್ತೇ ಸಿಗಬಾರದು. ನನ್ನ ತೋಟದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಸದ್ದಲ್ಲ, ಕತ್ತಿ. ಕಾಡಿನ ಕಡೆಯಿಂದ ತೋಟಕ್ಕೆ ಚಾಚಿದ ಕೊಂಬೆಗಳನ್ನು ಕಡಿದೆ. ನೆಲಕ್ಕಿಳಿದು ಬಯಲು ದಾಟಿ ಬರಬೇಕಾದರೆ ಮಂಗ ಹಿಂದೆ ಮುಂದೆ ನೋಡುತ್ತದೆ. ಅಲ್ಲೇ ನಾಯಿ ಇದ್ದರಂತೂ ಇನ್ನೂ. ಕಾಡಂಚಿನ ಸಾಲಿನಲ್ಲಿ ಬಾಳೆ ಹಾಕುವುದು ಬಿಟ್ಟೆ. ಗೊನೆ ಬಲಿತ ಕೂಡಲೇ ಕಡಿದು ಒಳಗೆ ಹಣ್ಣು ಮಾಡುತ್ತೇನೆ. ಅವು ಬರುವ ಹೊತ್ತು ಸುಮಾರಾಗಿ ಒಂದೇ, ಆ ಹೊತ್ತಿಗೆ ಹದಿನೈದು ದಿನ ಯಾರಾದರೂ ತಪ್ಪದೆ ಅಲ್ಲಿರಬೇಕು. ಹೆದರಿಸುವ ಸಾಮಾನು ದಿನಕ್ಕೊಂದು ಜಾಗ, ದಿನಕ್ಕೊಂದು ರೀತಿ, ಕೆಲಸ ಮುಗಿದ ಕೂಡಲೇ ಒಳಗೆ.

ಒಂದು ಎಚ್ಚರಿಕೆ. ಸಿಗುವುದು ನಿಂತ ಕೂಡಲೇ ಉಪದ್ರ ಮೊದಲು ಏರಬಹುದು. ಮೊಬೈಲ್ ಕೊಡಲ್ಲ ಅಂದ ದಿನ ಮಗು ಇನ್ನೂ ಜೋರಾಗಿ ಅಳುವುದಿಲ್ಲವಾ? ಹೆಚ್ಚಿನವರು ಇಲ್ಲೇ "ಇದು ಉಪಯೋಗಕ್ಕಿಲ್ಲ" ಅಂತ ಕೈ ಬಿಡುತ್ತಾರೆ. ಆಗ ಬಿಟ್ಟರೆ ಜೋರು ಗಲಾಟೆಗೇ ಬಹುಮಾನ ಕೊಟ್ಟ ಹಾಗೆ.

ವಿಷದ ಮಾತು ಯಾರೂ ಎತ್ತಬೇಡಿ. ಅಪರಾಧ ಒಂದು ಕಡೆ ಇರಲಿ, ಸತ್ತ ಮಂಗದಿಂದ ಉಣುಗು ಇಳಿದು ಹರಡಿದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಗೆ ಹೇಳಬೇಕಾ? ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ.

ಇನ್ನು ಗಿಡ್ಡ. ಮೊದಲು ಕೆಚ್ಚಲು ನೋಡಿ. ಮೊಲೆ ಒಡೆದಿದೆಯಾ, ಬಿಸಿ ಇದೆಯಾ, ಹಾಲಲ್ಲಿ ಗಂಟು ಬರುತ್ತಾ? ಇದ್ದರೆ ಅದು ನೋವಿನ ಒದೆತ. ಪಶುವೈದ್ಯರನ್ನು ಕರೆಯಿರಿ, ಕೆಳಗಿನದ್ದು ಆಮೇಲೆ.

ನೋವಿಲ್ಲದಿದ್ದರೆ ಲೆಕ್ಕ ಇಷ್ಟೇ: ಒದ್ದಿತು, ನೀವು ಕೈ ತೆಗೆದಿರಿ. ಅದಕ್ಕೆ ಬೇಕಾದದ್ದೂ ಅದೇ. ಹಾಗಾಗಿ ಕ್ರಮ ತಿರುಗಿಸಿ. ಕರೆಯುವ ಯೋಚನೆ ಬಿಟ್ಟು ಮೊದಲು ಬೆನ್ನು ಸವರಿ. ಸುಮ್ಮನೆ ನಿಂತ ಕ್ಷಣವೇ ಕೈ ತೆಗೆಯಿರಿ, ಒಂದು ಹಿಡಿ ಹಿಂಡಿ ಕೊಡಿ. ಆಮೇಲೆ ಹೊಟ್ಟೆ, ತೊಡೆ, ಕೆಚ್ಚಲು. ಕಾಲು ಎತ್ತುವ ಮೊದಲೇ ನಿಲ್ಲಿಸುವುದರಲ್ಲಿ ಇರುವುದು ಜಾಣತನ. ಒದ್ದ ಮೇಲೆ ಸಮಾಧಾನ ಮಾಡಲು ಹಿಂಡಿ ಇಟ್ಟಿರೋ, ಕೆಟ್ಟಿತು. ಸಕ್ರೆಬೈಲಿನ ಆನೆ ಶಿಬಿರಕ್ಕೆ ಹೋದಾಗ ಮಾವುತನ ಕಾಲು ನೋಡಿ. ಆನೆಯ ಕಿವಿ ಹಿಂದೆ ಒತ್ತುತ್ತಾನೆ, ಆನೆ ತಿರುಗಿದ ಕೂಡಲೇ ಸಡಿಲ ಬಿಡುತ್ತಾನೆ. ಆ ಸಡಿಲ ಬಿಡುವ ಹೊತ್ತು ತಪ್ಪಿದರೆ ಆನೆಗೆ ಏನೂ ತಿಳಿಯುವುದಿಲ್ಲ.

ಹೊಡೆಯಬೇಡಿ. ಹೆದರಿದ ಹಸು ಸೊರೆ ಬಿಡುವುದಿಲ್ಲ. ಹಾಲು ಇಳಿಸುವ ಹಾರ್ಮೋನಿಗೆ ಹೆದರಿಕೆಯೇ ಅಡ್ಡ. ಗಂಟೆ ಸದ್ದಿಗೇ ಜೊಲ್ಲು ಸುರಿಸಿದ ಪಾವ್ಲೋವ್‌ನ ನಾಯಿಯ ಕಥೆ ಎಲ್ಲರಿಗೂ ಗೊತ್ತು. ನಮ್ಮ ಕೊಟ್ಟಿಗೆಯಲ್ಲಿ ಗಿಂಡಿ ಸದ್ದಾದರೆ ಸಾಕು, ಮುಟ್ಟುವ ಮೊದಲೇ ಮೊಲೆಯಿಂದ ಹನಿ ಬೀಳುತ್ತದೆ, ಎರಡೂ ಒಂದೇ. ಅದಕ್ಕೇ ಒಂದೇ ಹೊತ್ತು, ಒಬ್ಬರೇ ಜನ, ಒಂದೇ ಗಿಂಡಿ, ಒಂದೇ ಮಾತು. ಅಮ್ಮ ಊರಿಗೆ ಹೋದಾಗ ನಾನು ಅವರ ಹಳೇ ಸೀರೆ ಹೆಗಲಿಗೆ ಹಾಕಿಕೊಂಡು ಕರೆದಿದ್ದೇನೆ. ಪಕ್ಕದ ಮನೆಯವರು ನಕ್ಕರು, ಹಸು ಸೊರೆ ಬಿಟ್ಟಿತು.

ಕೆಚ್ಚಲಿನ ಫೋಟೊ ಗುಂಪಿಗೆ ಹಾಕಿ. ಮಂಗ ಯಾವ ಮರದಿಂದ ತೋಟಕ್ಕೆ ಇಳಿಯುತ್ತವೆ ಅಂತ ಎರಡು ದಿನ ಕೂತು ನೋಡಿ ಬರೆಯಿರಿ. ಯಾವ ಕೊಂಬೆ ಮೊದಲು ಕಡಿಯಬೇಕು ಅಂತ ಆಮೇಲೆ ಹೇಳಬಹುದು.