ಓದುಗರ ಪ್ರಶ್ನೆ, ನಮ್ಮ ಉತ್ತರ: ಪಠ್ಯ ಕಡತಗಳ ಮೇಲೆ ಕಟ್ಟಿದ ಬ್ಲಾಗ್

ಪ್ರಶ್ನೆ: ಬ್ಲಾಗ್ ಬರಹಗಳನ್ನು ಡೇಟಾಬೇಸಿನಲ್ಲಿಡದೆ, ಸಾದಾ ಪಠ್ಯ ಕಡತಗಳಾಗಿ ಗಿಟ್‌ನಲ್ಲಿ (ಕಡತಗಳ ಬದಲಾವಣೆಗಳ ಇತಿಹಾಸವನ್ನು ಕಾಪಾಡುವ ತಂತ್ರಾಂಶ) ಇಟ್ಟು ಪ್ರಕಟಿಸಬಹುದಂತೆ. ಅದು ನಡೆಯುವ ಬಗೆ ಹೇಗೆ?

ಉತ್ತರ: ಇಲ್ಲಿ ಒಂದು ಬರಹವೆಂದರೆ ಒಂದು ಕಡತ. ಕಡತದ ತಲೆಯಲ್ಲಿ ಶೀರ್ಷಿಕೆ, ದಿನಾಂಕ, ಟ್ಯಾಗ್‌ಗಳಂಥ ವಿವರಗಳಿರುತ್ತವೆ. ಅದರ ಕೆಳಗೆ ಮಾರ್ಕ್‌ಡೌನ್‌ನಂಥ ಸರಳ ಗುರುತುಗಳನ್ನು ಬಳಸಿದ ಪಠ್ಯವಿರುತ್ತದೆ. ಬರೆದು ಮುಗಿಸಿದ ಮೇಲೆ ನೀವು ಕಮಿಟ್ ಮಾಡಿ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿ) ಸರ್ವರಿಗೆ ಪುಶ್ ಮಾಡುತ್ತೀರಿ, ಅಂದರೆ ಕಳುಹಿಸುತ್ತೀರಿ. ಕಮಿಟ್‌ಗಳು ಬಂದೊಡನೆ ತಾನಾಗಿ ಚಾಲನೆಗೊಳ್ಳುವ ಚಿಕ್ಕ ಪ್ರೋಗ್ರಾಮೊಂದನ್ನು ಅಲ್ಲಿ ಮೊದಲೇ ಇರಿಸಿರುತ್ತಾರೆ. ಅದಕ್ಕೆ ಹುಕ್ ಎನ್ನುತ್ತಾರೆ. ಅದು ಕಡತಗಳನ್ನು ಓದಿ ಎಚ್‌ಟಿಎಂಎಲ್ ಪುಟಗಳನ್ನು ಸಿದ್ಧಪಡಿಸುತ್ತದೆ. ಓದುಗರಿಗೆ ತಲಪುವುದು ಹೀಗೆ ಮುಂಚಿತವಾಗಿಯೇ ತಯಾರಾದ ಪುಟವಾದ್ದರಿಂದ ಸರ್ವರಿನ ಹೊರೆಯೂ ಕಡಿಮೆ, ಒಳನುಗ್ಗುವವರಿಗೆ ಸಿಗುವ ಕಂಡಿಗಳೂ ಕಡಿಮೆ.

ಗಿಟ್ 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಕರ್ನಲ್ಲಿನ ಕೆಲಸಕ್ಕಾಗಿ ಬರೆದ ತಂತ್ರಾಂಶ. ಅದರ ಪ್ರತಿಯೊಂದು ಪೂರ್ಣ ಕ್ಲೋನ್‌ನಲ್ಲಿ (ನಕಲಿನಲ್ಲಿ) ಇಡೀ ಇತಿಹಾಸವೂ ಸೇರಿರುವುದರಿಂದ, ಸರ್ವರ್ ಕೈಕೊಟ್ಟರೂ ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಪ್ರತಿಯಿಂದ ಬ್ಲಾಗನ್ನು ಮತ್ತೆ ನಿಲ್ಲಿಸಬಹುದು.

ಪ್ರಶ್ನೆ: ಇಂಥ ವ್ಯವಸ್ಥೆಗಳು ‘ಮಾಡ್ಯುಲರ್’ (ಬಿಡಿಭಾಗಗಳನ್ನು ಜೋಡಿಸಿ ಕಟ್ಟುವಂಥವು) ಎಂದು ಹೊಗಳಿಸಿಕೊಳ್ಳುತ್ತವೆ. ಬೇಕಾದ ಪ್ಲಗಿನ್‌ಗಳನ್ನೆಲ್ಲ (ಹೆಚ್ಚುವರಿ ಕೆಲಸಕ್ಕಾಗಿ ಸೇರಿಸುವ ಚಿಕ್ಕ ತಂತ್ರಾಂಶಗಳನ್ನು) ಹಾಕಿಕೊಳ್ಳಬಹುದೇ?

ಉತ್ತರ: ಹಾಕಿಕೊಳ್ಳಬಹುದು, ಆದರೆ ಪ್ಲಗಿನ್ ಎಲ್ಲಿ ಕೈಯಾಡಿಸುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. 2006ರಲ್ಲಿ ಜೋಯಿ ಹೆಸ್ ಪರ್ಲ್ ಭಾಷೆಯಲ್ಲಿ ಬರೆದ ಇಕಿವಿಕಿಯಾಗಲಿ, 2008ರಲ್ಲಿ ಬಂದ ಜೆಕಿಲ್ ಆಗಲಿ, ಚಿಕ್ಕದೊಂದು ತಿರುಳಿಟ್ಟುಕೊಂಡು ಫೀಡ್ (ಹೊಸ ಬರಹಗಳ ಸುದ್ದಿ ಮುಟ್ಟಿಸುವ ಪಟ್ಟಿ), ಟ್ಯಾಗ್ ಪಟ್ಟಿ ಮುಂತಾದ ಅನೇಕ ಕೆಲಸಗಳನ್ನು ಪ್ಲಗಿನ್‌ಗಳಿಗೆ ಬಿಟ್ಟುಕೊಡುತ್ತವೆ. ಫೀಡ್ ತಯಾರಿಸುವ ಪ್ಲಗಿನ್ ನಿಮ್ಮ ಬರಹವನ್ನು ಓದುತ್ತದೆಯೇ ಹೊರತು ಅದರೊಳಗೆ ಏನನ್ನೂ ಸೇರಿಸುವುದಿಲ್ಲ. ನಾಳೆ ಅದನ್ನು ಕಿತ್ತುಹಾಕಿದರೂ ಕಡತ ಇದ್ದಂತೆಯೇ ಇರುತ್ತದೆ. ಆದರೆ ಚಿತ್ರಗಳ ಸಾಲನ್ನೋ ವಿಡಿಯೊವನ್ನೋ ತೋರಿಸುವ ಕೆಲವು ಪ್ಲಗಿನ್‌ಗಳು, ಪಠ್ಯದ ನಡುವೆಯೇ ತಮಗೆ ಮಾತ್ರ ಅರ್ಥವಾಗುವ ಆದೇಶವೊಂದನ್ನು ಬರೆಯಿರಿ ಎನ್ನುತ್ತವೆ. ಇಕಿವಿಕಿಯಲ್ಲಿ ಅದು ಜೋಡಿ ಚೌಕಾವರಣದೊಳಗೆ ಬರುತ್ತದೆ, ಜೆಕಿಲ್‌ನಲ್ಲಿ ಪುಷ್ಪಾವರಣ ಮತ್ತು ಶೇಕಡಾ ಚಿಹ್ನೆಗಳ ನಡುವೆ ಬರುತ್ತದೆ. ನೂರಾರು ಬರಹಗಳಲ್ಲಿ ಇಂಥವು ಹರಡಿಕೊಂಡ ಮೇಲೆ ಬೇರೆ ವ್ಯವಸ್ಥೆಗೆ ಹೋಗಬೇಕೆಂದರೆ ಅವನ್ನೆಲ್ಲ ಹುಡುಕಿ ತಿದ್ದಬೇಕಾಗುತ್ತದೆ, ಇಲ್ಲವಾದರೆ ಅವು ಹಸಿಹಸಿಯಾಗಿ ಓದುಗರ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಮೊದಲ ಬಗೆಯ ಪ್ಲಗಿನ್‌ಗಳನ್ನು ಧಾರಾಳವಾಗಿ ಬಳಸಿ, ಎರಡನೆಯ ಬಗೆಯವುಗಳಲ್ಲಿ ಜಿಪುಣತನ ತೋರಿ. ಇಂಥ ವ್ಯವಸ್ಥೆಯಲ್ಲಿ ಉಳಿಯಬೇಕಾದದ್ದು ಪಠ್ಯ. ತಂತ್ರಾಂಶವನ್ನು ಯಾವಾಗ ಬೇಕಾದರೂ ಬದಲಾಯಿಸಿಕೊಳ್ಳಬಹುದು.

ಪ್ರಶ್ನೆ: ಹೊಸ ಕಂಪ್ಯೂಟರಿನಲ್ಲಿ ಕ್ಲೋನ್ ಮಾಡಿದ ಕೂಡಲೇ ನನ್ನ ಹಳೆಯ ಬರಹಗಳೆಲ್ಲ ಇಂದಿನ ದಿನಾಂಕ ತೋರಿಸುತ್ತಿವೆ. ಗಿಟ್‌ನಲ್ಲಿ ದೋಷವಿದೆಯೇ?

ಉತ್ತರ: ಇಲ್ಲ. ಕಡತವನ್ನು ಕೊನೆಯದಾಗಿ ಬದಲಾಯಿಸಿದ ಸಮಯವನ್ನು ಗಿಟ್ ನೆನಪಿಟ್ಟುಕೊಳ್ಳುವುದೇ ಇಲ್ಲ. ಹೊರತೆಗೆದ ಕ್ಷಣವೇ ಆ ಕಡತದ ಸಮಯವಾಗುತ್ತದೆ. ಇದು ಬೇಕೆಂದೇ ಮಾಡಿದ ಏರ್ಪಾಡು: ಯಾವ ಕಡತವನ್ನು ಮರಳಿ ಕಂಪೈಲ್ ಮಾಡಬೇಕೆಂದು, ಪ್ರೋಗ್ರಾಮ್‌ಗಳನ್ನು ಕಟ್ಟುವ ಮೇಕ್‌ನಂಥ ಸಾಧನಗಳು ಇದೇ ಸಮಯವನ್ನು ನೋಡಿ ತೀರ್ಮಾನಿಸುವುದರಿಂದ, ಹಳೆಯ ಸಮಯ ಮರಳಿ ಬಂದರೆ ಅವು ದಾರಿತಪ್ಪುತ್ತವೆ. ಗಿಟ್‌ಗಿಂತ ಹಿಂದಿನ ಬ್ಲಾಸಮ್ ವ್ಯವಸ್ಥೆ ಕಡತದ ಸಮಯವನ್ನೇ ಬರಹದ ದಿನಾಂಕವೆಂದು ಪರಿಗಣಿಸುತ್ತಿತ್ತು. ನಿಮ್ಮದೂ ಅದೇ ಜಾತಿಯದ್ದಿರಬೇಕು. ಕಮಿಟ್ ದಿನಾಂಕವನ್ನು ಹೆಕ್ಕಿ ಕೊಡುವ ವ್ಯವಸ್ಥೆಗಳೂ ಉಂಟು, ಆದರೆ ಕರಡನ್ನು ಕಮಿಟ್ ಮಾಡಿ ವಾರದ ನಂತರ ಪ್ರಕಟಿಸುವವರಿಗೆ ಅದೂ ಸರಿಹೊಂದುವುದಿಲ್ಲ. ದಿನಾಂಕವನ್ನು ಕಡತದ ತಲೆಯಲ್ಲಿ ನೀವೇ ಬರೆದಿಡಿ, ಅಥವಾ ಜೆಕಿಲ್‌ನ ಪದ್ಧತಿಯಂತೆ ಕಡತದ ಹೆಸರನ್ನೇ ವರ್ಷ, ತಿಂಗಳು, ದಿನದಿಂದ ಆರಂಭಿಸಿ.

ಪ್ರಶ್ನೆ: ಒಂದು ಕಾಗುಣಿತ ತಿದ್ದಿದರೂ ಇಡೀ ಪ್ಯಾರಾ ಬದಲಾಗಿದೆಯೆಂದು ಗಿಟ್ ತೋರಿಸುತ್ತದೆ. ಏಕೆ?

ಉತ್ತರ: ಗಿಟ್ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುತ್ತದೆ, ನಿಮ್ಮ ಪ್ಯಾರಾ ಒಂದೇ ಉದ್ದ ಸಾಲಿನಲ್ಲಿದೆ. ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸಿ. ನಡುವೆ ಖಾಲಿ ಸಾಲು ಇಲ್ಲದಿದ್ದರೆ ಮಾರ್ಕ್‌ಡೌನ್ ಅವನ್ನು ಒಂದೇ ಪ್ಯಾರಾ ಆಗಿ ಜೋಡಿಸುತ್ತದೆ. ಹಳೆಯ ಬರಹಗಳಿಗೆ ಡಿಫ್ ಆದೇಶದ ‘ವರ್ಡ್-ಡಿಫ್’ ಆಯ್ಕೆ ಸಾಕು.

ಪ್ರಶ್ನೆ: ಬರಹವೊಂದರಲ್ಲಿ ಅಚಾತುರ್ಯದಿಂದ ನನ್ನ ಪಾಸ್‌ವರ್ಡ್ ಸೇರಿಹೋಗಿತ್ತು. ಕಡತವನ್ನು ಅಳಿಸಿ ಕಮಿಟ್ ಮಾಡಿದ್ದೇನೆ. ಇಷ್ಟು ಸಾಕಲ್ಲವೇ?

ಉತ್ತರ: ಸಾಲದು. ಅಳಿಸಿದ ಕಡತ ಹಿಂದಿನ ಕಮಿಟ್‌ಗಳಲ್ಲಿ ಹಾಗೆಯೇ ಇದೆ, ಗಿಟ್ ಭಂಡಾರ (ಕಡತಗಳೂ ಅವುಗಳ ಇತಿಹಾಸವೂ ಇರುವ ಜಾಗ) ಸಾರ್ವಜನಿಕವಾಗಿದ್ದರೆ ಯಾರು ಬೇಕಾದರೂ ತೆಗೆದು ಓದಬಹುದು. ಫಿಲ್ಟರ್-ರೆಪೊ ಎಂಬ ಸಾಧನದಿಂದ ಇತಿಹಾಸವನ್ನೇ ತಿದ್ದಿ ಬರೆಯಬಹುದಾದರೂ, ಈಗಾಗಲೇ ಬೇರೆಯವರು ಮಾಡಿಕೊಂಡಿರುವ ಕ್ಲೋನ್‌ಗಳಿಗೆ ಅದರ ಕೈ ಚಾಚದು. ಇತಿಹಾಸದ ವಿಚಾರ ಆಮೇಲೆ ನೋಡಿಕೊಳ್ಳಿ. ಈಗಲೇ ಆ ಪಾಸ್‌ವರ್ಡನ್ನು ಬದಲಾಯಿಸಿಬಿಡಿ.